ಎಕಿನೇಷಿಯಾ ತೆಗೆದುಕೊಳ್ಳುವ ಮುನ್ನ: ಯಾರಿಗೆ ಬೇಡ, ಯಾವುದನ್ನು ಆರಿಸಬೇಕು, ಎಷ್ಟು ದಿನ ಸಾಕು

ಗಂಟಲಲ್ಲಿ ಸಣ್ಣ ಕೆರೆತ ಶುರುವಾದರೆ ಸಾಕು, ಎಕಿನೇಷಿಯಾ ಎಂಬ ಗಿಡಮೂಲಿಕೆಯ ಬಾಟಲಿ ಹುಡುಕುವವರು ಜಗತ್ತಿನಲ್ಲಿ ಬಹಳ ಜನ ಇದ್ದಾರೆ. ಮಾತ್ರೆ, ಕ್ಯಾಪ್ಸೂಲ್, ಟಿಂಕ್ಚರ್ (ಆಲ್ಕೋಹಾಲಿನಲ್ಲಿ ಇಳಿಸಿದ ಸಾರ), ಟೀ, ಚೀಪುವ ಗುಳಿಗೆ, ಹಚ್ಚುವ ಕ್ರೀಮ್, ಹೀಗೆ ಎಲ್ಲ ರೂಪದಲ್ಲೂ ಇದು ಸಿಗುತ್ತದೆ. ಹೆಚ್ಚಿನ ದೇಶಗಳಲ್ಲಿ ಚೀಟಿ ಇಲ್ಲದೆಯೇ ಕೊಳ್ಳಬಹುದು. "ಗಿಡಮೂಲಿಕೆ ತಾನೇ, ಏನೂ ಆಗಲ್ಲ" ಅನ್ನುವ ಧೈರ್ಯ ಬೇರೆ.

ಆ ಧೈರ್ಯದ ಬಗ್ಗೆಯೇ ನನ್ನ ತಕರಾರು. ಎಕಿನೇಷಿಯಾದಿಂದ ಸಿಗಬಹುದಾದ ಲಾಭ ಚಿಕ್ಕದು. ನೆಗಡಿ ಬರುವ ಸಾಧ್ಯತೆ ಸ್ವಲ್ಪ ಕಡಿಮೆ ಆಗಬಹುದು, ಇಲ್ಲವೇ ಅರ್ಧ ದಿನ ಮೊದಲು ವಾಸಿ ಆಗಬಹುದು. ಅಷ್ಟೇ. ಜೀವ ಉಳಿಸುವ ಔಷಧಿಯಾದರೆ ಒಂದಿಷ್ಟು ಅಪಾಯವನ್ನು ಸಹಿಸಿಕೊಳ್ಳಬಹುದು. ತಾನಾಗಿಯೇ ಹೋಗುವ ನೆಗಡಿಗೆ ಅಪಾಯವನ್ನು ಯಾಕೆ ಮೈಮೇಲೆ ಎಳೆದುಕೊಳ್ಳಬೇಕು, ಅಲ್ವಾ? ಅದಕ್ಕೇ ಇಲ್ಲಿ "ಎಷ್ಟು ಹನಿ ಕುಡಿಯಬೇಕು" ಅನ್ನುವ ಪ್ರಶ್ನೆಯನ್ನು ಕೊನೆಗೆ ಇಟ್ಟಿದ್ದೇನೆ. ನಿಮಗೆ ಇದು ಸಲ್ಲುತ್ತದೆಯೇ ಅನ್ನುವುದು ಮೊದಲು ತೀರ್ಮಾನವಾಗಲಿ.

ಒಂದೇ ಹೆಸರು, ಬೇರೆ ಬೇರೆ ಔಷಧಿ

ಎಕಿನೇಷಿಯಾ ಉತ್ತರ ಅಮೆರಿಕದ ಗಿಡ. ಸೂರ್ಯಕಾಂತಿ, ಸೇವಂತಿಗೆಗಳ ಕುಟುಂಬಕ್ಕೆ ಸೇರಿದ್ದು. ನೇರಳೆ-ಗುಲಾಬಿ ಎಸಳುಗಳು ಕೆಳಕ್ಕೆ ಬಾಗಿರುತ್ತವೆ, ನಡುವೆ ಕಂದು-ಕಿತ್ತಳೆ ಬಣ್ಣದ ದುಂಡನೆಯ ದಿಂಡು ಎದ್ದು ನಿಂತಿರುತ್ತದೆ. ಒಣಗಿದ ಆ ದಿಂಡಿನ ಮೇಲೆ ಬೆರಳಾಡಿಸಿದರೆ ಮುಳ್ಳು ಚುಚ್ಚುತ್ತದೆ.

ಈ ಕುಲದಲ್ಲಿ ಹಲವು ಜಾತಿಗಳಿದ್ದರೂ ಔಷಧಿಗೆ ಬಳಕೆಯಾಗುವುದು ಮೂರು. ಎಕಿನೇಷಿಯಾ ಪರ್ಪ್ಯೂರಿಯಾ ಅಗಲ ಎಲೆಯದು, ಬೇರು ನಾರುನಾರು, ಬೆಳೆಸುವುದು ಸುಲಭ. ಎಕಿನೇಷಿಯಾ ಆಂಗಸ್ಟಿಫೋಲಿಯಾ ಗಿಡ್ಡನೆಯದು, ಎಲೆ ಕಿರಿದು, ಒಣ ಹುಲ್ಲುಗಾವಲಿನಲ್ಲಿ ಆಳಕ್ಕೆ ತಾಯಿಬೇರು ಇಳಿಸುತ್ತದೆ. ಮೂರನೆಯದು ಎಕಿನೇಷಿಯಾ ಪ್ಯಾಲಿಡಾ, ಉದ್ದನೆಯ ಮಾಸಲು ಎಸಳಿನದು.

ಷೆಯೆನ್, ಲಕೋಟಾ, ಪಾನೀ ಮುಂತಾದ ಬಯಲುಸೀಮೆಯ ಮೂಲನಿವಾಸಿಗಳು ಹಲ್ಲುನೋವಿಗೆ, ಗಂಟಲುನೋವಿಗೆ ಇದರ ಬೇರನ್ನು ಅಗಿಯುತ್ತಿದ್ದರು. ಹಾವು ಕಚ್ಚಿದಾಗ, ಗಾಯವಾದಾಗ ಅರೆದು ಹಚ್ಚುತ್ತಿದ್ದರು. ಅವರಿಂದ ಇದು ಬಿಳಿಯರ ಔಷಧಿ ಅಂಗಡಿಗೆ ಬಂದ ಕಥೆ ಮಜವಾಗಿದೆ. ನೆಬ್ರಾಸ್ಕಾದ ಎಚ್.ಸಿ.ಎಫ್. ಮೇಯರ್ ಎಂಬಾತ 1880ರ ದಶಕದಲ್ಲಿ ಇದನ್ನು "ರಕ್ತಶುದ್ಧಿ"ಯ ಔಷಧಿ ಎಂದು ಮಾರುತ್ತಿದ್ದ. ಸಿನ್ಸಿನಾಟಿಯ ಔಷಧಿ ತಯಾರಕ ಜಾನ್ ಯೂರಿ ಲಾಯ್ಡ್ ನಂಬದಿದ್ದಾಗ, "ನಿಮ್ಮೆದುರಿಗೇ ಬುಡುಬುಡಿಕೆ ಹಾವಿನಿಂದ ಕಚ್ಚಿಸಿಕೊಂಡು ವಾಸಿ ಮಾಡಿಕೊಂಡು ತೋರಿಸುತ್ತೇನೆ" ಎಂದ. ಪುಣ್ಯಕ್ಕೆ ಲಾಯ್ಡ್ ಒಪ್ಪಲಿಲ್ಲ. 1887ರಲ್ಲಿ ಡಾ. ಜಾನ್ ಕಿಂಗ್ ಇದರ ಬಗ್ಗೆ ಬರೆದ ಮೇಲೆ ಅಮೆರಿಕದ ವೈದ್ಯರಲ್ಲಿ ಒಂದು ಗುಂಪು ಇದನ್ನು ಹೇರಳವಾಗಿ ಬಳಸಿತು.

1930ರ ದಶಕದಲ್ಲಿ ಜರ್ಮನಿಯ ಗೆರ್ಹಾರ್ಡ್ ಮಾಡೌಸ್ ಈ ಗಿಡ ಬೆಳೆಸಲು ಬೀಜ ತರಿಸಿದರು. ಬೇಕಾಗಿದ್ದು ಆಂಗಸ್ಟಿಫೋಲಿಯಾ, ಬೆಳೆದು ನಿಂತಿದ್ದು ಪರ್ಪ್ಯೂರಿಯಾ! ಅವರು ಅದನ್ನೇ ಇಟ್ಟುಕೊಂಡು, ಬೇರಿನ ಬದಲು ಹೂಬಿಟ್ಟ ಹಸಿ ಗಿಡದ ರಸ ಹಿಂಡಿ ಔಷಧಿ ಮಾಡಿದರು. ಅಮೆರಿಕದವರ ಅನುಭವ ಒಂದು ಜಾತಿಯ ಬೇರಿನದು, ಜರ್ಮನಿಯವರ ಸಂಶೋಧನೆ ಇನ್ನೊಂದು ಜಾತಿಯ ಎಲೆ-ಹೂವಿನದು. ಅಂಗಡಿಯಲ್ಲಿ ಮಾತ್ರ ಎರಡರ ಮೇಲೂ "ಎಕಿನೇಷಿಯಾ" ಎಂದೇ ಬರೆದಿರುತ್ತದೆ.

ಒಳಗಿರುವ ರಾಸಾಯನಿಕಗಳೂ ಒಂದೇ ಅಲ್ಲ. ಪರ್ಪ್ಯೂರಿಯಾದಲ್ಲಿ ಸಿಕೋರಿಕ್ ಆಮ್ಲ ಜಾಸ್ತಿ. ಆಂಗಸ್ಟಿಫೋಲಿಯಾ ಮತ್ತು ಪ್ಯಾಲಿಡಾ ಬೇರಿನಲ್ಲಿ ಎಕಿನಕೋಸೈಡ್ ಇರುತ್ತದೆ. ನಾಲಿಗೆಯನ್ನು ಜುಮ್ಮೆನ್ನಿಸುವ ಆಲ್ಕಮೈಡ್‌ಗಳು ಆಂಗಸ್ಟಿಫೋಲಿಯಾ, ಪರ್ಪ್ಯೂರಿಯಾ ಬೇರುಗಳಲ್ಲಿ ಚೆನ್ನಾಗಿ ಇರುತ್ತವೆ, ಪ್ಯಾಲಿಡಾದಲ್ಲಿ ಕಡಿಮೆ. ಆಲ್ಕಮೈಡ್ ಆಲ್ಕೋಹಾಲ್‌ನಲ್ಲಿ ಸುಲಭವಾಗಿ ಕರಗುತ್ತದೆ, ನೀರಿನಲ್ಲಿ ಅಷ್ಟಾಗಿ ಇಲ್ಲ. ಹಾಗಾಗಿ ಟೀ ಕುಡಿಯುವವರೂ ಟಿಂಕ್ಚರ್ ಕುಡಿಯುವವರೂ ಒಂದೇ ಔಷಧಿ ತೆಗೆದುಕೊಳ್ಳುತ್ತಿಲ್ಲ. ಈ ಒಂದು ಮಾತು ನೆನಪಿದ್ದರೆ ಮುಂದಿನ ಎಷ್ಟೋ ಗೊಂದಲ ಕಡಿಮೆಯಾಗುತ್ತದೆ.

ನಿಜವಾಗಿ ಕೆಲಸ ಮಾಡುತ್ತದೆಯೇ?

ನೆಗಡಿ ಸಾಮಾನ್ಯವಾಗಿ ಏಳರಿಂದ ಹತ್ತು ದಿನದಲ್ಲಿ ತಾನೇ ಹೋಗುತ್ತದೆ. ಮೂರನೇ ದಿನ ಏನನ್ನೇ ಕುಡಿಯಲು ಶುರು ಮಾಡಿದರೂ ವಾರದಲ್ಲಿ ವಾಸಿ! ಕೀರ್ತಿ ಮಾತ್ರ ಬಾಟಲಿಗೆ. ಅದಕ್ಕೇ "ನನಗೆ ಕೆಲಸ ಮಾಡಿತು" ಅನ್ನುವ ಮಾತಿಗೆ ಇಲ್ಲಿ ತೂಕ ಕಡಿಮೆ. ಹುಸಿಗುಳಿಗೆಯ (ನೋಡಲು ಔಷಧಿಯಂತಿದ್ದು ಒಳಗೆ ಔಷಧಿ ಇಲ್ಲದ್ದು) ಜೊತೆ ಹೋಲಿಸಿ ನೋಡಿದ ಪ್ರಯೋಗಗಳೇ ಬೇಕು.

2005ರಲ್ಲಿ ಅಮೆರಿಕದಲ್ಲಿ 437 ಸ್ವಯಂಸೇವಕರನ್ನು ಸೇರಿಸಿಕೊಂಡು, ಮೂಗಿಗೆ ನೆಗಡಿಯ ವೈರಸ್ಸನ್ನೇ ಬಿಟ್ಟು ನೋಡಿದರು. ಆಂಗಸ್ಟಿಫೋಲಿಯಾ ಬೇರಿನ ಮೂರು ಬಗೆಯ ಸಾರವನ್ನು ಪರೀಕ್ಷಿಸಿದರು. ಸೋಂಕು ತಗುಲುವುದೂ ಕಡಿಮೆಯಾಗಲಿಲ್ಲ, ನೆಗಡಿಯ ಜೋರೂ ತಗ್ಗಲಿಲ್ಲ. 2010ರಲ್ಲಿ ವಿಸ್ಕಾನ್ಸಿನ್‌ನಲ್ಲಿ 719 ಜನರ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲಿ ನೆಗಡಿ ಸುಮಾರು ಅರ್ಧ ದಿನ ಬೇಗ ಮುಗಿದಂತೆ ಕಂಡಿತು. ಆದರೆ ಅದು ಆಕಸ್ಮಿಕವೂ ಇರಬಹುದು ಅನ್ನುವಷ್ಟು ಸಣ್ಣ ಅಂತರ.

ಇನ್ನೊಂದು ಕಡೆಯೂ ಇದೆ. 2007ರಲ್ಲಿ 14 ಅಧ್ಯಯನಗಳನ್ನು ಒಟ್ಟು ಮಾಡಿ ಲೆಕ್ಕ ಹಾಕಿದ ಒಂದು ವಿಶ್ಲೇಷಣೆ, ನೆಗಡಿಯ ಅವಧಿ 1.4 ದಿನ ಕಡಿಮೆಯಾಗುತ್ತದೆ ಎಂದಿತು. ಅದರಲ್ಲಿ ಬೇರೆ ಬೇರೆ ಜಾತಿ, ಬೇರೆ ಬೇರೆ ತಯಾರಿಕೆಗಳನ್ನೆಲ್ಲ ಒಂದೇ ಪಾತ್ರೆಗೆ ಸುರಿದಿದ್ದರು ಅನ್ನುವ ಟೀಕೆ ಬಂತು. 2012ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ 755 ಜನ ನಾಲ್ಕು ತಿಂಗಳು ಪರ್ಪ್ಯೂರಿಯಾ ಸಾರ ಅಥವಾ ಹುಸಿ ಔಷಧಿ ತೆಗೆದುಕೊಂಡರು. ಸಾರ ಕುಡಿದವರಿಗೆ ನೆಗಡಿ ಕಡಿಮೆ ಬಂತು. ಖರ್ಚು ಭರಿಸಿದ್ದು ಅದನ್ನು ತಯಾರಿಸುವ ಕಂಪನಿ. ಅಷ್ಟರಿಂದಲೇ ಫಲಿತಾಂಶ ಸುಳ್ಳಾಗುವುದಿಲ್ಲ, ಆದರೆ ಓದುವಾಗ ಗಮನದಲ್ಲಿರಲಿ.

ಎಲ್ಲವನ್ನೂ ಕೂಡಿಸಿ ಜರಡಿ ಹಿಡಿದದ್ದು, ವೈದ್ಯಕೀಯ ಪ್ರಯೋಗಗಳನ್ನು ಒಟ್ಟು ಮಾಡಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2014ರ ವಿಮರ್ಶೆ. 24 ಪ್ರಯೋಗಗಳು, 4,631 ಜನ. ಬಂದ ನೆಗಡಿಯನ್ನು ವಾಸಿ ಮಾಡುತ್ತದೆ ಎನ್ನಲು ಗಟ್ಟಿ ಆಧಾರ ಸಿಗಲಿಲ್ಲ. ತಡೆಯುವ ವಿಷಯದಲ್ಲಿ ಮಾತ್ರ ಹೆಚ್ಚಿನ ಪ್ರಯೋಗಗಳು ಒಂದೇ ದಿಕ್ಕಿಗೆ ವಾಲಿದ್ದವು. ಅಪಾಯ ಶೇಕಡಾ 10ರಿಂದ 20ರಷ್ಟು ಕಡಿಮೆ ಆಗಬಹುದು ಅನ್ನುವ ಸುಳಿವು ಅಷ್ಟೇ.

ಕೋವಿಡ್, ಫ್ಲೂ, ನ್ಯುಮೋನಿಯಾ, ಕ್ಯಾನ್ಸರ್ ಇವುಗಳಿಗೆ ಎಕಿನೇಷಿಯಾ ಮದ್ದು ಅಂತ ಯಾರಾದರೂ ಹೇಳಿದರೆ ಅಲ್ಲಿಗೆ ಮಾತು ನಿಲ್ಲಿಸಿ. ಲಸಿಕೆಗೆ ಇದು ಬದಲಿ ಅಲ್ಲ. ಹಾವಿನ ಕಡಿತಕ್ಕಂತೂ ಆಸ್ಪತ್ರೆಯೇ ಗತಿ, ಮೇಯರ್ ಕಥೆ ಓದಲಿಕ್ಕಷ್ಟೇ ಚೆಂದ.

ಮೊದಲ ಹೆಜ್ಜೆ: ನೀವು ತೆಗೆದುಕೊಳ್ಳಬಹುದೇ?

ಅಲರ್ಜಿಯಿಂದ ಶುರು ಮಾಡೋಣ, ಯಾಕೆಂದರೆ ನಿಜವಾಗಿ ಪ್ರಾಣಕ್ಕೆ ಕುತ್ತು ತರುವುದು ಇದೇ. ಸೇವಂತಿಗೆ, ಚೆಂಡುಹೂ, ಸೂರ್ಯಕಾಂತಿ, ಡೇಲಿಯಾ, ಕ್ಯಾಮೊಮೈಲ್, ರ‍್ಯಾಗ್‌ವೀಡ್ ಎಲ್ಲ ಎಕಿನೇಷಿಯಾದ ಬಂಧುಗಳು. ಕಾಂಗ್ರೆಸ್ ಗಿಡ ಎಂದು ಕರೆಯುವ ಪಾರ್ಥೇನಿಯಂ ಕೂಡ ಇದೇ ಕುಟುಂಬ. ಈ ಯಾವುದಾದರೂ ಗಿಡ ಮುಟ್ಟಿದರೆ ಮೈ ತುರಿಸುತ್ತದೆ, ಪರಾಗ ತಾಗಿದರೆ ಸೀನು ಹತ್ತುತ್ತದೆ, ಕಣ್ಣು ಕೆಂಪಾಗುತ್ತದೆ ಅನ್ನುವವರು ಎಕಿನೇಷಿಯಾ ಮುಟ್ಟದಿರುವುದೇ ಸರಿ. ಉಬ್ಬಸ, ಇಸುಬು, ಪದೇ ಪದೇ ಪಿತ್ತದ ಗಂಧೆ ಏಳುವ ಮೈ ಇರುವವರಿಗೂ ಇದೇ ಮಾತು. ಆಸ್ಟ್ರೇಲಿಯಾದಲ್ಲಿ ವರದಿಯಾದ ಪ್ರಕರಣಗಳಲ್ಲಿ ಗಂಧೆಯಿಂದ ಹಿಡಿದು ತೀವ್ರ ಉಬ್ಬಸ, ಇಡೀ ಮೈಯನ್ನು ಕುಸಿಯುವಂತೆ ಮಾಡುವ ಪ್ರಾಣಾಂತಕ ಅಲರ್ಜಿಯಾದ ಅನಾಫಿಲಾಕ್ಸಿಸ್‌ವರೆಗೂ ಇದ್ದವು. ಮೊದಲ ಸಲ ತೆಗೆದುಕೊಂಡಾಗಲೇ ಹೀಗಾಗಬಹುದು. ಬಂಧು ಗಿಡದ ಪರಾಗದಿಂದ ದೇಹ ಮೊದಲೇ ಕೆರಳಿ ನಿಂತಿದ್ದರೆ ಅದಕ್ಕೆ ಹೊಸ ಪರಿಚಯ ಬೇಕಿಲ್ಲ.

ಎರಡನೆಯದು, ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬಿದ್ದಿರುವ ಕಾಯಿಲೆಗಳು. ಲೂಪಸ್, ರುಮಟಾಯ್ಡ್ ಸಂಧಿವಾತ, ಮಲ್ಟಿಪಲ್ ಸ್ಕ್ಲಿರೋಸಿಸ್ ಇಂಥವು. "ಇಮ್ಯೂನಿಟಿ ಹೆಚ್ಚಿಸುತ್ತದೆ" ಅನ್ನುವ ಜಾಹೀರಾತು ಇವರಿಗೆ ಆಮಿಷ ಅಲ್ಲ, ಎಚ್ಚರಿಕೆ. ಜರ್ಮನಿಯ ಗಿಡಮೂಲಿಕೆ ಆಯೋಗ ಇವುಗಳ ಜೊತೆಗೆ ಕ್ಷಯ, ಎಚ್‌ಐವಿ, ರಕ್ತಕಣಗಳ ಕಾಯಿಲೆ ಇರುವವರಿಗೂ ಬೇಡ ಎಂದಿತ್ತು. ಇದರಲ್ಲಿ ಬಹುಪಾಲು ಮುನ್ನೆಚ್ಚರಿಕೆಯ ಮಾತು, ಎಲ್ಲದಕ್ಕೂ ರೋಗಿಗಳ ಮೇಲಿನ ಪುರಾವೆ ಇಲ್ಲ. ಆದರೂ ಸಣ್ಣ ನೆಗಡಿಗಾಗಿ ಹತೋಟಿಯಲ್ಲಿರುವ ದೊಡ್ಡ ಕಾಯಿಲೆಯನ್ನು ಕೆಣಕುವ ಪ್ರಯೋಗ ನಮ್ಮ ಮೇಲೆ ನಾವೇ ಮಾಡಿಕೊಳ್ಳುವುದು ಬೇಡ.

ಮಕ್ಕಳ ವಿಷಯ. 2003ರಲ್ಲಿ ಎರಡರಿಂದ ಹನ್ನೊಂದು ವರ್ಷದ 407 ಮಕ್ಕಳ ಮೇಲೆ ಪ್ರಯೋಗ ನಡೆಯಿತು. ನೆಗಡಿ ಬೇಗ ವಾಸಿಯಾಗಲಿಲ್ಲ. ಆದರೆ ಎಕಿನೇಷಿಯಾ ಕೊಟ್ಟ ನೆಗಡಿಗಳಲ್ಲಿ ಶೇ 7.1ರಲ್ಲಿ ಮೈಮೇಲೆ ದದ್ದು ಕಾಣಿಸಿಕೊಂಡಿತು, ಹುಸಿ ಔಷಧಿ ಕೊಟ್ಟಲ್ಲಿ ಶೇ 2.7. ಲಾಭ ಇಲ್ಲ, ತುರಿಕೆ ಮಾತ್ರ ಜಾಸ್ತಿ! 2012ರಲ್ಲಿ ಬ್ರಿಟನ್ನಿನ ಔಷಧಿ ನಿಯಂತ್ರಣ ಸಂಸ್ಥೆ 12 ವರ್ಷದೊಳಗಿನವರಿಗೆ ಬಾಯಿಂದ ಕೊಡುವ ಎಕಿನೇಷಿಯಾ ಬೇಡ ಎಂದಿತು. ಯುರೋಪಿನ ಔಷಧಿ ಸಂಸ್ಥೆಯ ಸಲಹೆಯೂ ಅದೇ, ಒಂದು ವರ್ಷದೊಳಗಿನ ಶಿಶುಗಳಿಗಂತೂ ಖಂಡಿತ ಕೂಡದು. ಸ್ಟ್ರಾಬೆರಿ ರುಚಿಯ ಸಿರಪ್ ಮೇಲೆ ಮಗುವಿನ ಚಿತ್ರ ಇದೆ ಅನ್ನುವುದು ಪುರಾವೆ ಅಲ್ಲ.

ಬಸುರಿಯರಿಗೆ? ಟೊರೊಂಟೊದಲ್ಲಿ ಬಸುರಿನಲ್ಲಿ ಎಕಿನೇಷಿಯಾ ತೆಗೆದುಕೊಂಡಿದ್ದ 206 ಹೆಂಗಸರನ್ನು ಹಿಂಬಾಲಿಸಿ ನೋಡಿದ ಅಧ್ಯಯನ 2000ದಲ್ಲಿ ಬಂತು. ಹುಟ್ಟಿದ ಮಕ್ಕಳಲ್ಲಿ ನ್ಯೂನತೆ ಹೆಚ್ಚಿರಲಿಲ್ಲ. ಗೊತ್ತಿಲ್ಲದೆ ತೆಗೆದುಕೊಂಡು ಈಗ ಗಾಬರಿಯಾದವರಿಗೆ ಇದು ಸಮಾಧಾನದ ಸುದ್ದಿ. ಹೊಸದಾಗಿ ಶುರು ಮಾಡಲು ಪರವಾನಗಿ ಅಂತ ಮಾತ್ರ ಓದಬೇಡಿ. ಅಷ್ಟು ಸಣ್ಣ ಸಂಖ್ಯೆಯಿಂದ ಅಪರೂಪದ ತೊಂದರೆ ಕಾಣುವುದಿಲ್ಲ. ಹಾಲೂಡಿಸುವ ತಾಯಂದಿರ ವಿಷಯದಲ್ಲಿ ಮಾಹಿತಿ ಇನ್ನೂ ಕಡಿಮೆ.

ಎರಡನೇ ಹೆಜ್ಜೆ: ಈಗಿರುವ ಔಷಧಿಗಳ ಜೊತೆ ಹೊಂದುತ್ತದೆಯೇ?

ದಿನವೂ ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆಯಿರಿ. ಹೆಸರು ಮಾತ್ರ ಸಾಲದು, ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರೂ ಬೇಕು.

ಇವು ಕಂಡರೆ ಎಕಿನೇಷಿಯಾ ಕೈಬಿಡಿ: ಸೈಕ್ಲೋಸ್ಪೋರಿನ್, ಟ್ಯಾಕ್ರೊಲಿಮಸ್, ಅಝಾಥಯೋಪ್ರಿನ್, ಮೆಥೊಟ್ರೆಕ್ಸೇಟ್, ದೀರ್ಘಕಾಲ ತೆಗೆದುಕೊಳ್ಳುವ ಸ್ಟೆರಾಯ್ಡ್ ಮಾತ್ರೆ. ಇವೆಲ್ಲ ರಕ್ಷಣಾ ವ್ಯವಸ್ಥೆಯನ್ನು ಬೇಕೆಂದೇ ತಗ್ಗಿಸುವ ಔಷಧಿಗಳು. ಕಿಡ್ನಿ ಅಥವಾ ಲಿವರ್ ಕಸಿ ಮಾಡಿಸಿಕೊಂಡವರ ದೇಹ ಆ ಅಂಗವನ್ನು ತಿರಸ್ಕರಿಸದಿರಲಿ ಎಂದು ಕೊಡುವಂಥವೂ ಇವುಗಳಲ್ಲಿವೆ. ಅದರ ಎದುರು ದಿಕ್ಕಿಗೆ ಎಳೆಯಬಹುದಾದ ಬೇರು ಯಾಕೆ? ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿದ್ದರೂ ಹಾಗೆಯೇ, ಚಿಕಿತ್ಸೆ ಕೊಡುವ ವೈದ್ಯರನ್ನು ಕೇಳದೆ ಒಂದು ಹನಿಯೂ ಬೇಡ.

ಇನ್ನು ಲಿವರ್ ಔಷಧಿಗಳನ್ನು ಕರಗಿಸುವ ವೇಗದ ಮಾತು. 12 ಆರೋಗ್ಯವಂತರಿಗೆ ಎಂಟು ದಿನ ಪರ್ಪ್ಯೂರಿಯಾ ಬೇರು ಕೊಟ್ಟು ನೋಡಿದ ಪ್ರಯೋಗದಲ್ಲಿ ಕೆಫೀನ್ ದೇಹದಿಂದ ಹೊರಹೋಗುವ ವೇಗ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿಯೇ ಇಳಿಯಿತು. ಅಂದರೆ ಕುಡಿದ ಕಾಫಿ ಹೊತ್ತು ಹೆಚ್ಚು ಮೈಯಲ್ಲಿ ನಿಂತಿತು. ಎಕಿನೇಷಿಯಾ ಶುರು ಮಾಡಿದ ಮೇಲೆ ರಾತ್ರಿ ನಿದ್ದೆ ಹತ್ತುತ್ತಿಲ್ಲ, ಎದೆ ಡವಡವ ಅನ್ನುತ್ತಿದೆ ಅಂದರೆ ಸಂಜೆಯ ಕಾಫಿಯ ಕಡೆ ನೋಡಿ. ಕಾಫಿಯಾದರೆ ಬಿಡಬಹುದು. ಅದೇ ದಾರಿಯಲ್ಲಿ ಕರಗುವ ಥಿಯೋಫಿಲಿನ್, ಕ್ಲೋಝಪಿನ್, ಟಿಝಾನಿಡಿನ್ ತೆಗೆದುಕೊಳ್ಳುವವರಿಗೆ ಇದು ತಮಾಷೆ ಅಲ್ಲ. ರಕ್ತ ತೆಳುಮಾಡುವ ವಾರ್ಫರಿನ್ ಇದ್ದರೂ ವೈದ್ಯರಿಗೆ ಹೇಳಿ.

ಟಿಂಕ್ಚರ್‌ನಲ್ಲಿ ಆಲ್ಕೋಹಾಲ್ ಇರುತ್ತದೆ, ಕೆಲವದರಲ್ಲಿ ಅರ್ಧಕ್ಕರ್ಧ. ಕುಡಿತ ಬಿಟ್ಟವರು, ಲಿವರ್ ತೊಂದರೆ ಇರುವವರು, ಡೈಸಲ್ಫಿರಾಮ್ ಅಥವಾ ಮೆಟ್ರೊನಿಡಝೋಲ್ ತೆಗೆದುಕೊಳ್ಳುತ್ತಿರುವವರು ಇದನ್ನು ಮರೆಯಬಾರದು.

ಆಪರೇಷನ್ ಇದೆಯೇ? ಎರಡು ವಾರ ಮೊದಲೇ ನಿಲ್ಲಿಸಿ, ಅರಿವಳಿಕೆ ಕೊಡುವ ವೈದ್ಯರಿಗೆ ತಿಳಿಸಿ.

ಮೂರನೇ ಹೆಜ್ಜೆ: ಲೇಬಲ್ ಓದುವುದು

ಎರಡು ಬಾಟಲಿಗಳನ್ನು ಕೈಯಲ್ಲಿ ಹಿಡಿದಿದ್ದೀರಿ ಅಂದುಕೊಳ್ಳಿ. ಒಂದರ ಮೇಲೆ ದಪ್ಪಕ್ಷರದಲ್ಲಿ "ಎಕಿನೇಷಿಯಾ 1000 ಮಿಗ್ರಾಂ, ಡಬಲ್ ಶಕ್ತಿ" ಎಂದಿದೆ. ಹಿಂದೆ ತಿರುಗಿಸಿದರೆ "ಎಕಿನೇಷಿಯಾ ಮಿಶ್ರಣ, ವಿಟಮಿನ್ ಸಿ, ಸತು, ಗೋಲ್ಡನ್‌ಸೀಲ್" ಎಂದಷ್ಟೇ ಇದೆ. ಇನ್ನೊಂದರ ಮೇಲೆ ಸಾದಾ ಅಕ್ಷರದಲ್ಲಿ "ಎಕಿನೇಷಿಯಾ ಪರ್ಪ್ಯೂರಿಯಾ, ಹೂಬಿಟ್ಟ ಹಸಿ ಗಿಡದ ಹಿಂಡಿದ ರಸ, ಎಥನಾಲ್ ಇಷ್ಟು, 12 ವರ್ಷ ಮೇಲ್ಪಟ್ಟವರಿಗೆ, ಬ್ಯಾಚ್ ಸಂಖ್ಯೆ, ಮುಗಿಯುವ ತಾರೀಖು" ಎಂದಿದೆ. ಎರಡನೆಯದನ್ನು ಇಟ್ಟುಕೊಳ್ಳಿ.

ಮೊದಲನೆಯದರಲ್ಲಿ ಜಾತಿ ಯಾವುದು ಗೊತ್ತಿಲ್ಲ. ಬೇರೋ ಎಲೆಯೋ ಗೊತ್ತಿಲ್ಲ. 1000 ಮಿಗ್ರಾಂ ಅಂದರೆ ಒಣ ಪುಡಿಯ ತೂಕವೋ ಸಾರದ ತೂಕವೋ ಗೊತ್ತಿಲ್ಲ, ಅವೆರಡಕ್ಕೂ ಬಹಳ ವ್ಯತ್ಯಾಸವಿದೆ. ಮೇಲಿಂದ ಗೋಲ್ಡನ್‌ಸೀಲ್ ಬೇರೆ. ಆ ಇನ್ನೊಂದು ಗಿಡಮೂಲಿಕೆಯಲ್ಲಿ ಬರ್ಬರಿನ್ ಎಂಬ ರಾಸಾಯನಿಕ ಇದೆ, ಅದು ಲಿವರ್‌ನಲ್ಲಿ ಕರಗುವ ಅನೇಕ ಔಷಧಿಗಳ ದಾರಿಗೆ ಅಡ್ಡ ಬರುತ್ತದೆ, ಬಸುರಿಯರಿಗೆ ಕೂಡದು. ಎಕಿನೇಷಿಯಾ ಪರೀಕ್ಷಿಸಬೇಕೆಂದು ಕೊಂಡವರು ಗೊತ್ತಿಲ್ಲದೆ ನಾಲ್ಕು ವಸ್ತುಗಳನ್ನು ನುಂಗಿರುತ್ತಾರೆ. ದದ್ದು ಎದ್ದರೆ ಯಾವುದರಿಂದ ಅಂತ ಹೇಳುವುದು? ಒಂದೇ ಗಿಡ ಇರುವುದನ್ನೇ ಕೊಳ್ಳಿ.

ಲೇಬಲ್ ಸರಿಯಿದ್ದ ಮಾತ್ರಕ್ಕೆ ಒಳಗಿರುವುದೂ ಸರಿ ಅನ್ನುವಂತಿಲ್ಲ. 2003ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಅಂಗಡಿಯಿಂದ ತಂದ 59 ಎಕಿನೇಷಿಯಾ ಉತ್ಪನ್ನಗಳನ್ನು ಪರೀಕ್ಷಿಸಿದರು. ಆರರಲ್ಲಿ ಎಕಿನೇಷಿಯಾದ ಸುಳಿವೇ ಇರಲಿಲ್ಲ. ಲೇಬಲ್ ಹೇಳಿದ ಜಾತಿಯೇ ಒಳಗಿದ್ದದ್ದು 31ರಲ್ಲಿ ಮಾತ್ರ. ಪರ್ಪ್ಯೂರಿಯಾ ಬೇರಿನ ಹೆಸರಲ್ಲಿ ಪಾರ್ಥೇನಿಯಂ ಇಂಟಿಗ್ರಿಫೋಲಿಯಂ ಎಂಬ ಗಿಡದ ಬೇರನ್ನು ಬೆರೆಸುವ ಚಾಳಿಯೂ ಹಳೆಯದು. ಹೌದು, ಕಾಂಗ್ರೆಸ್ ಗಿಡದ ದಾಯಾದಿಯೇ! ಆದ್ದರಿಂದ ಔಷಧಿ ಎಂದು ನೋಂದಣಿಯಾದ ಉತ್ಪನ್ನ ಸಿಗುವಲ್ಲಿ ಅದನ್ನೇ ಆರಿಸಿ. ಇಲ್ಲದಿದ್ದರೆ ಹೊರಗಿನ ಪ್ರಯೋಗಾಲಯ ಪರೀಕ್ಷಿಸಿದ ಗುರುತು ಇರುವುದು ಬೇಕು.

ಹೋಮಿಯೋಪಥಿ ಗುಳಿಗೆಯ ಮೇಲೆ "ಎಕಿನೇಷಿಯಾ 30" ಎಂದಿದ್ದರೆ ಅದು ಬೇರೆಯೇ ಲೆಕ್ಕ. ಅಷ್ಟು ತೆಳುಮಾಡಿದ ಮೇಲೆ ಗಿಡದ ಅಂಶ ಉಳಿದಿರುವುದಿಲ್ಲ. ಇಲ್ಲಿ ಹೇಳಿದ ಲಾಭವೂ ಅಪಾಯವೂ ಅದಕ್ಕೆ ಅನ್ವಯಿಸುವುದಿಲ್ಲ. ಮದರ್ ಟಿಂಕ್ಚರ್ ಆದರೆ ಗಿಡದ ಸಾರವೇ, ಎಲ್ಲ ಎಚ್ಚರಿಕೆಯೂ ಅನ್ವಯ.

ನಾಲ್ಕನೇ ಹೆಜ್ಜೆ: ಪ್ರಮಾಣ ಮತ್ತು ದಿನಗಳು

ಮೊದಲ ಪ್ರಮಾಣವನ್ನು ಹಗಲಲ್ಲಿ, ಮನೆಯಲ್ಲಿ ಇನ್ನೊಬ್ಬರು ಇರುವಾಗ ತೆಗೆದುಕೊಳ್ಳಿ. ಒಬ್ಬರೇ ಇರುವ ರಾತ್ರಿ, ಮಲಗುವ ಮುಂಚೆ ಬೇಡ. ಊದಿಕೊಳ್ಳಲು ಶುರುವಾದರೆ ಗೊತ್ತಾಗಬೇಕು, ಸಹಾಯಕ್ಕೆ ಜನ ಬೇಕು.

ಬೇರಿನ ಟಿಂಕ್ಚರ್ ಆದರೆ ನಾಲಿಗೆಯ ಮೇಲೆ ಒಂದು ಹನಿ ಬಿಟ್ಟ ಸ್ವಲ್ಪ ಹೊತ್ತಿಗೆ ಜುಮ್ಮೆನ್ನುತ್ತದೆ, ಬಾಯಲ್ಲಿ ನೀರೂರುತ್ತದೆ, ಆಮೇಲೆ ನಾಲಿಗೆಯ ತುದಿ ಮರಗಟ್ಟಿದ ಹಾಗಾಗುತ್ತದೆ. ಇದು ಆಲ್ಕಮೈಡ್‌ನ ಕೆಲಸ, ಹೆದರಬೇಕಿಲ್ಲ. ಹಲ್ಲುನೋವಿಗೆ ಇದನ್ನು ಯಾಕೆ ಅಗಿಯುತ್ತಿದ್ದರು ಅನ್ನುವುದು ಆಗ ಅರ್ಥವಾಗುತ್ತದೆ. ಹಳೆಯ ಒಣ ಬೇರಿನಲ್ಲಿ ಈ ಜುಮ್ಮು ಕಡಿಮೆ, ಇಟ್ಟಷ್ಟೂ ಆಲ್ಕಮೈಡ್ ಇಳಿಯುತ್ತದೆ. ಆದರೆ ಜುಮ್ಮೆನ್ನುವುದು ನಾಲಿಗೆಗೆ ಸೀಮಿತವಾಗಿರಬೇಕು. ತುಟಿ ದಪ್ಪಗಾಗುವುದು, ಗಂಟಲು ಬಿಗಿಯುವುದು ಜುಮ್ಮಲ್ಲ, ಅಲರ್ಜಿ.

ಪ್ರಮಾಣ ಹೀಗಿದೆ. ಪರ್ಪ್ಯೂರಿಯಾ ಹಸಿ ಗಿಡದ ರಸ 12 ವರ್ಷ ಮೇಲ್ಪಟ್ಟವರಿಗೆ ದಿನಕ್ಕೆ ಒಟ್ಟು 6ರಿಂದ 9 ಮಿಲಿ, ಎರಡು-ಮೂರು ಸಲಕ್ಕೆ ಹಂಚಿಕೊಂಡು. ಪ್ಯಾಲಿಡಾ ಬೇರಿನ ಟಿಂಕ್ಚರ್ ಆದರೆ ದಿನಕ್ಕೆ 900 ಮಿಗ್ರಾಂ ಬೇರಿಗೆ ಸಮನಾದಷ್ಟು. ಒಣ ಬೇರಿನ ಕಷಾಯಕ್ಕೆ ಬ್ರಿಟಿಷ್ ಗಿಡಮೂಲಿಕೆ ಪದ್ಧತಿಯಲ್ಲಿ ಸಲಕ್ಕೆ ಒಂದು ಗ್ರಾಂ, ದಿನಕ್ಕೆ ಮೂರು ಸಲ. ಸಾರದ ಕ್ಯಾಪ್ಸೂಲ್‌ಗಳಿಗೆ ಒಂದೇ ಅಳತೆ ಹೇಳಲು ಬರುವುದಿಲ್ಲ, ಸಾರದ ಗಾಢತೆ ಕಂಪನಿಯಿಂದ ಕಂಪನಿಗೆ ಬೇರೆ. ಲೇಬಲ್ ಹೇಳಿದ್ದನ್ನು ಮೀರಬೇಡಿ. ಒಂದು ಬ್ರ್ಯಾಂಡಿನ ಅಳತೆಯನ್ನು ಇನ್ನೊಂದಕ್ಕೆ ಹಚ್ಚಬೇಡಿ.

ಯಾವಾಗ ಶುರು ಮಾಡಬೇಕು? ಗಂಟಲು ಕೆರೆಯಲು, ಸೀನು ಬರಲು ಹತ್ತಿದ ಮೊದಲ ದಿನವೇ. ನಾಲ್ಕನೇ ದಿನ ಮೂಗು ಸೋರುತ್ತಿರುವಾಗ ಬಾಟಲಿ ತೆರೆಯುವುದು ಸುಮ್ನೆ ದುಡ್ಡು ದಂಡ.

ಎಷ್ಟು ದಿನ? ಯುರೋಪಿನ ಸಲಹೆ ಹತ್ತು ದಿನ ಮೀರಬಾರದು ಅಂತ. ಜರ್ಮನಿಯ ಹಳೆಯ ಮಿತಿ ಎಂಟು ವಾರ. ಹತ್ತು ದಿನವೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಕಾರ್ಡಿಫ್ ಪ್ರಯೋಗದಲ್ಲಿ ನಾಲ್ಕು ತಿಂಗಳು ತೆಗೆದುಕೊಂಡರಲ್ಲ ಅಂತ ನೀವು ಕೇಳಬಹುದು. ಅವರು ಪರೀಕ್ಷಿಸಿ ಆರಿಸಿದ ಆರೋಗ್ಯವಂತರು, ಮೇಲೆ ಕಣ್ಣಿಡಲು ವೈದ್ಯರಿದ್ದರು. ಬಹಳ ಕಾಲ ತೆಗೆದುಕೊಂಡವರಲ್ಲಿ ಬಿಳಿ ರಕ್ತಕಣ ಇಳಿದ ವರದಿಗಳೂ ಇವೆ, ಅಪರೂಪವಾದರೂ. ಮಳೆಗಾಲ ಪೂರ್ತಿ ಅಥವಾ ಚಳಿಗಾಲ ಪೂರ್ತಿ ದಿನಾ ಒಂದು ಮಾತ್ರೆ ಅನ್ನುವ ಅಭ್ಯಾಸ ಮಾಡಿಕೊಳ್ಳಬೇಡಿ.

ಟೀ ಮಾಡುವವರಿಗೆ

ಒಂದು ಗ್ರಾಂ ಬೇರಿನ ಚೂರನ್ನು ತೂಕ ಮಾಡಿಯೇ ತೆಗೆದುಕೊಳ್ಳಿ, ಚಮಚದ ಅಳತೆ ಪುಡಿಯ ನುಣುಪಿನ ಮೇಲೆ ಬದಲಾಗುತ್ತದೆ. 150 ಮಿಲಿ ಕುದಿನೀರು ಸುರಿದು ಹತ್ತು ನಿಮಿಷ ಮುಚ್ಚಿಡಿ, ಸೋಸಿ ಬಿಸಿಯಿರುವಾಗಲೇ ಕುಡಿಯಿರಿ. ಮೊದಲೇ ಹೇಳಿದಂತೆ ಇದರಲ್ಲಿ ಆಲ್ಕಮೈಡ್ ಕಡಿಮೆ ಇಳಿಯುತ್ತದೆ. ಬಿಸಿನೀರು ಗಂಟಲಿಗೆ ಕೊಡುವ ಹಿತ ಮಾತ್ರ ಖಾತ್ರಿ, ಅದಕ್ಕೆ ಎಕಿನೇಷಿಯಾನೇ ಬೇಕು ಅಂತೇನೂ ಇಲ್ಲ!

ಗಾಯಕ್ಕೆ ಹಚ್ಚುವುದು

ಪರ್ಪ್ಯೂರಿಯಾ ರಸದ ಮುಲಾಮನ್ನು ತರಚು ಗಾಯಗಳಿಗೆ ಯುರೋಪಿನಲ್ಲಿ ಬಹಳ ಕಾಲದಿಂದ ಬಳಸುತ್ತಾರೆ. ಗಾಯ ತೊಳೆದು, ಒರೆಸಿ, ತೆಳ್ಳಗೆ ಹಚ್ಚಿದರಾಯಿತು. ಆಳದ ಗಾಯ, ಸುಟ್ಟ ಗಾಯ, ಕೀವು ತುಂಬಿದ್ದು, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ಇವಕ್ಕೆ ಅಲ್ಲ. ಅಲರ್ಜಿ ಇರುವವರು ಹಚ್ಚುವುದೂ ಬೇಡ.

ಕುಂಡದಲ್ಲಿ ಬೆಳೆಸಿದ್ದನ್ನು ಬಳಸಬಹುದೇ?

ಪರ್ಪ್ಯೂರಿಯಾ ಹೂದೋಟಕ್ಕೆ ಚೆಂದದ ಗಿಡ. ಬಿಸಿಲು ಬೇಕು, ನೀರು ನಿಲ್ಲಬಾರದು. ಬೇರು ಔಷಧಿಗೆ ಬರಲು ಮೂರು-ನಾಲ್ಕು ವರ್ಷ ಕಾಯಬೇಕು. ಹೂವು ನೋಡಿ ಖುಷಿಪಡಿ, ಔಷಧಿಗೆ ನೆಚ್ಚಬೇಡಿ. ನರ್ಸರಿಯಲ್ಲಿ ಸಿಗುವ ಹಳದಿ, ಕಿತ್ತಳೆ, ಮುದ್ದೆ ಎಸಳಿನವೆಲ್ಲ ಅಂದಕ್ಕಾಗಿ ಬೆರಕೆ ಮಾಡಿದ ತಳಿಗಳು, ಅವುಗಳಲ್ಲಿ ಏನು ಎಷ್ಟಿದೆ ಅಂತ ಯಾರೂ ಅಳೆದಿರುವುದಿಲ್ಲ. ಜೊತೆಗೆ ಸಿಕೋರಿಕ್ ಆಮ್ಲ ಗಿಡ ಜಜ್ಜಿದ ಕೂಡಲೇ ಗಿಡದಲ್ಲೇ ಇರುವ ಕಿಣ್ವಗಳಿಂದ ಹಾಳಾಗಲು ತೊಡಗುತ್ತದೆ.

ಕಾಡಿನಿಂದ ಕಿತ್ತ ಬೇರು ಎಂದು ಹೆಮ್ಮೆಯಿಂದ ಮಾರುವುದನ್ನೂ ಕೊಳ್ಳಬೇಡಿ. ಔಷಧಿಗೆ ಬಾರದ ಜಾತಿಗಳೂ ಒಂದೇ ಥರ ಕಾಣುವುದರಿಂದ ಅಗೆತಕ್ಕೆ ಸಿಗುತ್ತವೆ. ಎಕಿನೇಷಿಯಾ ಟೆನೆಸೀಯೆನ್ಸಿಸ್ 1979ರಲ್ಲಿ ಅಮೆರಿಕದ ಅಳಿವಿನಂಚಿನ ಪಟ್ಟಿಗೆ ಸೇರಿ, ನೆಲೆ ಕಾಪಾಡಿದ ಮೇಲೆ 2011ರಲ್ಲಷ್ಟೇ ಹೊರಬಂತು. ಬೆಳೆದದ್ದು ಬೇಕಾದಷ್ಟು ಸಿಗುವಾಗ ಕಾಡಿನದಕ್ಕೆ ಕೈ ಹಾಕುವುದೇಕೆ?

ಯಾವಾಗ ನಿಲ್ಲಿಸಬೇಕು, ಯಾವಾಗ ಓಡಬೇಕು

ಹೊಟ್ಟೆ ತೊಳಸುವುದು, ಸಣ್ಣ ಹೊಟ್ಟೆನೋವು, ತಲೆಸುತ್ತು ಕೆಲವರಿಗೆ ಆಗುತ್ತದೆ. ಊಟದ ನಂತರ ತೆಗೆದುಕೊಂಡು ನೋಡಿ, ಹೋಗದಿದ್ದರೆ ಬಿಟ್ಟುಬಿಡಿ. ಮೈಮೇಲೆ ದದ್ದು, ತುರಿಕೆ ಕಂಡರೆ ಅಂದೇ ನಿಲ್ಲಿಸಿ, "ಇನ್ನೊಂದು ಸಲ ನೋಡೋಣ" ಅನ್ನುವ ಪ್ರಯೋಗ ಬೇಡ. ಎರಡನೇ ಸಲ ಅಲರ್ಜಿ ಇನ್ನೂ ಜೋರಾಗಬಹುದು. ಮುಖ, ತುಟಿ, ನಾಲಿಗೆ ಊದಿಕೊಂಡರೆ, ಉಸಿರು ಸಿಳ್ಳೆ ಹೊಡೆದರೆ, ತಲೆ ತಿರುಗಿ ಬೀಳುವಂತಾದರೆ ತುರ್ತು ವಾಹನ ಕರೆಸಿ. ಅಲ್ಲಿ ನಿಮಿಷಗಳ ಲೆಕ್ಕ. ಕಣ್ಣು ಹಳದಿಯಾಗುವುದು, ಮೂತ್ರ ಕಡುಬಣ್ಣಕ್ಕೆ ತಿರುಗುವುದು ಕಂಡರೂ ಔಷಧಿ ನಿಲ್ಲಿಸಿ ಲಿವರ್ ಪರೀಕ್ಷೆ ಮಾಡಿಸಿ.

ನೆಗಡಿ ಅಂದುಕೊಂಡದ್ದು ನೆಗಡಿ ಅಲ್ಲದಿರಬಹುದು. ಮೂರು ದಿನ ದಾಟಿದ ಜ್ವರ, ಏದುಸಿರು, ಎದೆನೋವು, ಕಿವಿನೋವು, ರಕ್ತ ಬೆರೆತ ಕಫ, ವಾಸಿಯಾಗುತ್ತಾ ಬಂದು ಮತ್ತೆ ಜ್ವರ ಏರುವುದು, ಹತ್ತು ದಿನವಾದರೂ ಹೋಗದ ನೆಗಡಿ, ಇವು ವೈದ್ಯರು ನೋಡಬೇಕಾದವು. ಎಕಿನೇಷಿಯಾ ಮೇಲೆ ಭಾರ ಹಾಕಿ ಕೂತು ನ್ಯುಮೋನಿಯಾ ಬಲಿಯಲು ಬಿಡುವುದು ಗಿಡದ ಯಾವ ಅಡ್ಡಪರಿಣಾಮಕ್ಕಿಂತಲೂ ಕೆಟ್ಟದ್ದು.

ವೈದ್ಯರ ಬಳಿ ಹೋಗುವಾಗ "ಏನೋ ಗಿಡಮೂಲಿಕೆ ತಗೊಂಡಿದ್ದೆ" ಅನ್ನಬೇಡಿ. ಬಾಟಲಿಯನ್ನೇ ಒಯ್ದು ಮೇಜಿನ ಮೇಲಿಡಿ. ಯಾವಾಗ ಶುರು ಮಾಡಿದಿರಿ, ದಿನಕ್ಕೆ ಎಷ್ಟು, ಕೊನೆಯದಾಗಿ ಯಾವಾಗ ಕುಡಿದಿರಿ, ಅದರ ಜೊತೆ ಇನ್ನೇನು ನುಂಗಿದಿರಿ ಎಂದು ಹೇಳಿ. ಅಡ್ಡಪರಿಣಾಮ ಆಗಿದ್ದರೆ ಆ ದೇಶದ ಔಷಧಿ ಸುರಕ್ಷತೆ ಕೇಂದ್ರಕ್ಕೆ ವರದಿ ಮಾಡಲು ಕೇಳಿ, ಬ್ಯಾಚ್ ಸಂಖ್ಯೆ ಅದಕ್ಕೇ ಬೇಕಾಗುವುದು. ಹಾಗಾಗಿ ಬಾಟಲಿ ಖಾಲಿಯಾದರೂ ಕೆಲವು ದಿನ ಎಸೆಯಬೇಡಿ.